ಎರಡು–ಹತ್ತರ ಕೈ

ಹೊಟ್ಟೆಕಿಚ್ಚಿಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ, ಮಸ್ಕಿಯ ನಮ್ಮ ಓಣಿಯಲ್ಲಿ ಅದು ವರ್ಷಾ ವರ್ಷಾ ಬಳೆಗಾರ್ತಿ ಚಾಂದ್‌ಬೀಯ ಪಾಲಾಗುತ್ತಿತ್ತು. ಎದುರುಮನೆಯವಳಾಗಿ ಮೂವತ್ತು ವರ್ಷ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಅವಳ ಗಿರಾಕಿ ಹೆಂಗಸೊಬ್ಬಳು ಸಿಂಧನೂರಿನ ಅಂಗಡಿಗೆ ಹೋಗಿ ಒಂದು ಡಜನ್ ಬಳೆ ಕೊಂಡಳೆಂದರೆ, ಕಟ್ಟಿಕೊಂಡ ಗಂಡ ಬೇರೆ ಮನೆ ಮಾಡಿದಷ್ಟು ಸಂಕಟ ಇವಳಿಗೆ.

ಅದರಲ್ಲಿ ಅವಳ ತಪ್ಪೂ ಪೂರ್ತಿ ಇರಲಿಲ್ಲ ಅನ್ನಿ. ಒಣಭೂಮಿಯ ಪಾಮನಕಲ್ಲೂರು, ಕಾಲುವೆ ನೀರಿನ ಬಳಗಾನೂರು, ವಳಕಮದಿನ್ನಿ, ಈ ಮೂರು ಊರಿನ ಕೈಗಳು ಅವಳವು. ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿ, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಗೆಣ್ಣು ಒತ್ತಿ ಒತ್ತಿ ಮೆತ್ತಗೆ ಮಾಡಿ ಬಳೆ ಏರಿಸುತ್ತಿದ್ದಳು. ಗೆಣ್ಣು ಒತ್ತಿದ ಹಾಗೆ ಮನಸ್ಸಿನೊಳಗಿನದೂ ಹೊರಗೆ ಬರುತ್ತಿತ್ತು. ದೇವರ ಮುಂದೆ ಹೇಳದ್ದನ್ನು ಚಾಂದ್‌ಬೀಯ ಮುಂದೆ ಹೇಳುತ್ತಿದ್ದರು. ಒಂದು ಊರಿನ ಮಾತು ಇನ್ನೊಂದು ಊರಿಗೆ ಹೋದದ್ದನ್ನು ನಾನಂತೂ ಕೇಳಿಲ್ಲ.

ಎರಡನೇ ಸಲ ಕೊರೊನಾ ಬಂದಾಗ ಬಸ್ಸು ನಿಂತವು. ಬಳೆಯ ಗಂಟು ಗೂಟಕ್ಕೆ ಏರಿತು. ಉಳಿದದ್ದು ಫೋನು ಒಂದೇ. ಚಾಂದ್‌ಬೀಗೆ ಅಕ್ಷರ ಬಾರದು. ಬಳೆಯ ಅಳತೆಯಿಂದಾಗಿ ಅಂಕಿ ಮಾತ್ರ ಬರುತ್ತದೆ. ಅದಕ್ಕೇ ಸೊಸೆ ನಸ್ರೀನ್ ಫೋನಿನಲ್ಲಿ ಪ್ರತಿ ಹೆಂಗಸಿನ ಹೆಸರಿನ ಮುಂದೆ ಅವಳ ಕೈಯ ಅಳತೆ ಬರೆದಿಟ್ಟಿದ್ದಳು: ಎರಡು–ನಾಲ್ಕು, ಎರಡು–ಆರು, ಎರಡು–ಎಂಟು. ಎರಡು–ಹತ್ತು ಮಾತ್ರ ಇಡೀ ಫೋನಿನಲ್ಲಿ ಒಬ್ಬಳೇ, ಪಾಮನಕಲ್ಲೂರಿನ ವೀರಭದ್ರಮ್ಮ. ಆಳು ದಪ್ಪ, ನಗುವೂ ದೊಡ್ಡದು. ಚಾಂದ್‌ಬೀಗೆ ಎಲ್ಲರಿಗಿಂತ ಹತ್ತಿರದವಳು.

ಮೊದಮೊದಲು ಫೋನು ಬಂದರೆ ಚಾಂದ್‌ಬೀ ಕಿರುಚುತ್ತಿದ್ದಳು. ಕಿವಿ ಮಂದ, ಸ್ಪೀಕರ್ ಹಾಕದಿದ್ದರೆ ಏನೂ ಕೇಳದು. ಎರಡು ಮಾತಿಗೇ ಬೇಸರ ಬಂದು, “ಕೈ ಹಿಡೀದ ಎಂಥಾ ಮಾತವ್ವ ಇದು” ಅಂತ ಫೋನನ್ನು ಸೊಸೆಗೆ ಕೊಟ್ಟುಬಿಡುತ್ತಿದ್ದಳು. ನಸ್ರೀನಳದು ತಣ್ಣನೆ ದನಿ. ತಾನು ಕಡಿಮೆ ಮಾತಾಡಿ ಅವರದನ್ನು ಕೇಳುತ್ತಿದ್ದಳು. ಕಾಲುವೆ ಕಡೆಯ ಹೆಂಗಸರು ಹಗಲೆಲ್ಲ ಭತ್ತದ ರಾಶಿಯಲ್ಲಿ ದುಡಿದು ಭಯ ಮರೆತು, ಸಂಜೆ ಫೋನು ಹಚ್ಚಿ ಅಳುತ್ತಿದ್ದರು, ಬೈಯುತ್ತಿದ್ದರು, ಕಡೆಗೆ ನಕ್ಕು ಇಡುತ್ತಿದ್ದರು. ಪಾಮನಕಲ್ಲೂರಿನವರು ಹಾಗಲ್ಲ. ಮಳೆಗೆ ಮೊದಲು ಅಲ್ಲಿ ಕೆಲಸವಿಲ್ಲ. ದುಡಿಯಲು ಹೋಗಿ ಮರಳಿ ಬಂದವರನ್ನು ಊರ ಶಾಲೆಯಲ್ಲಿ ಬೇರೆ ಇಟ್ಟಿದ್ದರು, ಉಳಿದವರು ಬಾಗಿಲು ಹಾಕಿಕೊಂಡು ಕೂತಿದ್ದರು. ಅವರು ಹೇಳುತ್ತಿದ್ದದ್ದು ಎರಡೇ ಮಾತು: “ಚಲೋ ಅದೀವಿ. ಉಂಡೀವಿ.”

ಹದಿನೈದು ದಿನ ಆಗುವಷ್ಟರಲ್ಲಿ ಚಾಂದ್‌ಬೀ ಹಲೋ ಅಂದರೂ ಆ ಕಡೆಯಿಂದ “ನಸ್ರೀನ್ ಇಲ್ಲೇನ್ರಿ?” ಅನ್ನುವ ಪ್ರಶ್ನೆ ಬರತೊಡಗಿತು. ಅಲ್ಲಿಗೆ ಬೆಂಕಿ ಹತ್ತಿತು.

“ಒಂದ ಬಳಿ ಇಟ್ಟಾಕಿ ಅಲ್ಲ, ಒಂದ ಕೈ ಹಿಡದಾಕಿ ಅಲ್ಲ, ನನ್ನ ಮಂದಿನ ನುಂಗ್ಯಾಳ,” ಎಂದು ನಮ್ಮ ಕಟ್ಟೆಗೆ ಬಂದು ಗೋಳಾಡಿದಳು.

“ಸೊಸಿ ಕೂಡ ಎಂಥಾ ಪೈಪೋಟಿ ನಿಂದು?” ಅಂದೆ.

ಮೂರು ದಿನ ನನ್ನ ಜೊತೆಯೂ ಮಾತು ಬಿಟ್ಟಳು. ಫೋನು ಕಳೆದಿದೆ ಎಂದು ಮನೆಯಲ್ಲಿ ಹೇಳಿದಳು. ಜೋಳದ ಡಬ್ಬಿಯೊಳಗಿಂದ ಅದು ಬಡಿದುಕೊಳ್ಳುವುದು ನಮ್ಮ ಮನೆಗೂ ಕೇಳುತ್ತಿತ್ತು. ನಸ್ರೀನ್ ಪಾಪ, ಕೇಳಿಸದವಳ ಹಾಗೆ ಇದ್ದಳು.

ಒಂದು ಮಧ್ಯಾಹ್ನ ಸೊಸೆ ನಳಕ್ಕೆ ಹೋದಾಗ ಚಾಂದ್‌ಬೀ ಫೋನು ತೆಗೆದು, ಎರಡು–ಹತ್ತನ್ನು ಹುಡುಕಿ ಒತ್ತಿದಳು. ಸ್ಪೀಕರ್ ಇದ್ದೇ ಇತ್ತಲ್ಲ, ಎಲ್ಲ ನನ್ನ ಕಿವಿಗೂ ಬಿತ್ತು.

“ವೀರಭದ್ರವ್ವಾ, ನಾ ಚಾಂದ್‌ಬೀ! ನಸ್ರೀನ್ ಅಲ್ಲ, ನಾನ! ಬಸ್ಸು ಬಿಟ್ಟ ದಿನಾನ ಬರ್ತೀನಿ. ನಿನಗಂತ ಹಸರ ಬಳಿ ತಗದಿಟ್ಟೀನಿ, ಕೈ ತುಂಬ ಇಡ್ತೀನಿ.”

ಆ ಕಡೆಯಿಂದ ವೀರಭದ್ರಮ್ಮ ಅಂದಳು:

“ಅವರು ಹೋಗಿ ಹನ್ನೊಂದು ದಿನ ಆತು, ಚಾಂದಕ್ಕ. ನಸ್ರೀನ್ ನಿನಗ ಹೇಳಿಲ್ಲ ಹಂಗಾರ.”

ವೀರಭದ್ರಮ್ಮನ ಗಂಡ ಆದೆಪ್ಪ ಲಿಂಗಸುಗೂರಿನ ದವಾಖಾನೆಯಲ್ಲಿ ತೀರಿಹೋಗಿದ್ದ. ಊರಿಗೆ ತರಲಿಲ್ಲ, ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡ ನಾಲ್ಕು ಜನ ಅಲ್ಲೇ ಮಣ್ಣು ಮಾಡಿದರು. ಹೊಸದಾಗಿ ಗಂಡನನ್ನು ಕಳೆದುಕೊಂಡವಳಿಗೆ ಬಳೆಗಾರ್ತಿ ಹಸಿರು ಬಳೆ ಹೇಳಿದ್ದಳು. ಮುಖಕ್ಕೆ ಸೆರಗು ಒತ್ತಿಕೊಂಡು ಚಾಂದ್‌ಬೀ ಜೋರಾಗಿ ಅತ್ತಳು.

ವೀರಭದ್ರಮ್ಮನ ದನಿ ಮಾತ್ರ ಗಟ್ಟಿ ಇತ್ತು. “ಅಳಬ್ಯಾಡ. ಹಳೇ ಬಳಿ ಇನ್ನೂ ಕೈಯಾಗ ಅದಾವ. ಒಡಿಯಾಕ ಹಿರೇರು ಯಾರೂ ಬರಲಿಲ್ಲ, ಅಂಜಿಕಿ. ನೀ ಇಟ್ಟಿದ್ದು, ನೀನ ಬಂದು ತಗಿ. ಒಡೀಬ್ಯಾಡ ಅಷ್ಟ.”

ನೀರು ತುಂಬಿಕೊಂಡು ಬಂದ ಸೊಸೆಯ ಮೇಲೆ ಚಾಂದ್‌ಬೀ ಹರಿಹಾಯ್ದಳು. ನಸ್ರೀನ್ ಕೊಡ ಇಳಿಸದೆ ಹೇಳಿದಳು: “ವೀರಭದ್ರಮ್ಮಾರ ಹೇಳಬ್ಯಾಡ ಅಂದ್ರು ಅಮ್ಮಾ. ಚಾಂದಕ್ಕ ತಡಕೊಳ್ಳಂಗಿಲ್ಲ ಅಂದ್ರು.” ಈ ಮಾತು ಚಾಂದ್‌ಬೀಗೆ ಸಾವಿಗಿಂತ ಹೆಚ್ಚು ಚುಚ್ಚಿತು ಎಂದರೆ ನೀವು ನಂಬಬೇಕು. ಸುದ್ದಿಯೂ ಸೊಸೆಗೇ ಮೊದಲು ಸಿಕ್ಕಿತ್ತು.

ತಿಂಗಳು ಕಳೆದು ದಾರಿ ಬಿಟ್ಟಾಗ ಟಂಟಂ ಆಟೋ ಹಿಡಿದು ಇಬ್ಬರೂ ಪಾಮನಕಲ್ಲೂರಿಗೆ ಹೋದರು. “ನಸ್ರೀನ್‌ನೂ ಕರ್ಕೊಂಡು ಬಾ” ಎಂದು ವೀರಭದ್ರಮ್ಮನೇ ಹೇಳಿದ್ದಳು. ಇಲ್ಲದಿದ್ದರೆ ಚಾಂದ್‌ಬೀ ಅವಳನ್ನು ಎಲ್ಲಿ ಒಯ್ಯುತ್ತಿದ್ದಳು! ಅಲ್ಲಿ ಆದದ್ದನ್ನು ನನಗೆ ಹೇಳಿದವಳು ನಸ್ರೀನ್.

ಒಳಗೆ ಕಾಲಿಡುತ್ತಲೇ ವೀರಭದ್ರಮ್ಮ, “ನಸ್ರೀನವ್ವ, ನೀನ ಏನು?” ಎಂದು ಮೊದಲು ಸೊಸೆಯ ಮುಖ ನೋಡಿದಳು. ಚಾಂದ್‌ಬೀಯ ತುಟಿ ಬಿಗಿಯಾಯಿತು. ಕೂತು, ಸಾಬೂನು ನೀರು ತರಿಸಿ, ವೀರಭದ್ರಮ್ಮನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗೆಣ್ಣು ಒತ್ತಲು ಹೆಬ್ಬೆರಳು ಇಟ್ಟಳು. ಒತ್ತುವ ಮೊದಲೇ ಹನ್ನೆರಡೂ ಬಳೆ ತಾವಾಗಿಯೇ ಜಾರಿ ಅವಳ ಮಡಿಲಿಗೆ ಬಿದ್ದವು.

ಸಾಬೂನೂ ಬೇಕಾಗಿರಲಿಲ್ಲ.

“ದಿನಾ ಕೇಳೀನಲ್ಲರಿ... ಉಂಡೀನಿ ಅಂತಿದ್ರಿ,” ನಸ್ರೀನಳ ದನಿ ಒಡೆಯಿತು.

ವೀರಭದ್ರಮ್ಮ ತಲೆ ತಗ್ಗಿಸಿದಳು.

ಇಷ್ಟು ದಿನ ಚಾಂದ್‌ಬೀ ಕಾದದ್ದು ಈ ಗಳಿಗೆಗೇ. “ಫೋನಿನ್ಯಾಗ ಕೈ ಕಾಣತೈತೇನು?” ಎಂದು ಒಂದು ಮಾತು ಅಂದಿದ್ದರೆ ಗೆದ್ದುಬಿಡುತ್ತಿದ್ದಳು. ಅನ್ನಲಿಲ್ಲ. ಸೊಸೆಯನ್ನು ಹತ್ತಿರ ಎಳೆದು, ಆ ಬರಿಗೈಯನ್ನು ಅವಳ ಕೈಯೊಳಗೆ ಇಟ್ಟಳು.

“ಹಿಂಗ ಹಿಡಿ. ಒತ್ತಿ ನೋಡು. ಅಳತಿ ಎಷ್ಟು?”

“ಎರಡು–ಆರು ಇರಬೇಕು, ಅಮ್ಮಾ,” ಎಂದು ನಸ್ರೀನ್ ಕಣ್ಣೊರೆಸಿಕೊಂಡು ಫೋನು ತೆಗೆದಳು, ಅಂಕಿ ತಿದ್ದಲು.

ಚಾಂದ್‌ಬೀ ಫೋನಿನ ಮೇಲೆ ಕೈ ಮುಚ್ಚಿದಳು. “ತಿದ್ದಬ್ಯಾಡ. ಎರಡು–ಹತ್ತ ಇರಲಿ. ಎದ್ದು ಒಲಿ ಹಚ್ಚು, ರೊಟ್ಟಿ ಬಡಿ. ಈಕಿ ಉಂಡದ್ದು ನಾ ಕಣ್ಣಲೆ ನೋಡಬೇಕು.”