ನಮ್ಮೂರು ಖಾಲಿಯಾಗಿಲ್ಲ

ನಮ್ಮೂರು ಖಾಲಿಯಾಗುತ್ತಿದೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಹೈದರಾಬಾದಿಗೆ ಬಂದ ಮೇಲೆ, ಮಾದಾಪುರದ ಒಂದು ಗಾಜಿನ ಕಟ್ಟಡದಲ್ಲಿ. ಹಳ್ಳಿಗಳ ಜನಸಂಖ್ಯೆ ಅಧ್ಯಯನ ಮಾಡುವ ಸಂಸ್ಥೆಗೆ ಸೇರಿದ ಮೊದಲ ದಿನವೇ ಅಲ್ಲಿನ ಮುಖ್ಯಸ್ಥರು ನಕಾಶೆಯಲ್ಲಿ ನಮ್ಮ ಜಿಲ್ಲೆ ಯಾದಗಿರಿಯ ಮೇಲೆ ಬೆರಳಿಟ್ಟು, ಇಲ್ಲೀಗ ಗಂಡಸರು ಬಿಟ್ಟುಹೋದ ಹೆಂಗಸರಷ್ಟೇ ಇದ್ದಾರೆ ಎಂದರು. ಹಿಂದಿನ ವಾರವಷ್ಟೇ ನಾನು ಅಲ್ಲಿಂದ ಬಸ್ಸು ಹತ್ತಿದ್ದೆ. ಕೂರಲು ಸೀಟು ಸಿಕ್ಕಿರಲಿಲ್ಲ.

ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು ಅಲ್ಮಾಜ್, ಇಥಿಯೋಪಿಯಾದಿಂದ ಬಂದ ಸಹೋದ್ಯೋಗಿ. ಎರಡು ದೇಶಗಳ ಹಳ್ಳಿಗಳನ್ನು ಹೋಲಿಸಿ ಸಂಸ್ಥೆಯ ಪುಸ್ತಕಕ್ಕೊಂದು ಅಧ್ಯಾಯ ಬರೆಯುವುದು ನಮ್ಮಿಬ್ಬರ ಕೆಲಸ. ಬೀದಿಬದಿಯಲ್ಲಿ ತಟ್ಟುವ ಜೊನ್ನ ರೊಟ್ಟೆ ತಂದು ತಿನ್ನುತ್ತಿದ್ದೆವು. ನಮ್ಮ ಜೋಳದ ರೊಟ್ಟಿಗೆ ತೆಲುಗರ ಹೆಸರು ಅದು. ತಮ್ಮ ದೇಶದ ಇಂಜೆರಾ ರೊಟ್ಟಿ ಇದಕ್ಕಿಂತ ಮೆತ್ತಗೆ, ದೋಸೆಯ ಹಾಗೆ ಹುಳಿ ಎಂದು ಅವಳು ದಿನವೂ ಹೇಳುತ್ತಿದ್ದಳು, ದಿನವೂ ಇನ್ನೊಂದು ರೊಟ್ಟಿ ಮುರಿಯುತ್ತಿದ್ದಳು.

ಅವಳ ದೇಶದ ಹಳ್ಳಿಗಳು ತುಂಬಿಕೊಳ್ಳುತ್ತಿವೆ. ನೆಲ ಸರ್ಕಾರದ್ದು, ಮಾರುವಂತಿಲ್ಲ. ಬಹಳ ಕಾಲ ಬಿಟ್ಟುಹೋದರೆ ಉಳುವ ಹಕ್ಕೇ ಹೋದೀತೆಂಬ ಭಯ. ಹಾಗಾಗಿ ಅಪ್ಪನ ತುಂಡು ಹೊಲದಲ್ಲೇ ಅಣ್ಣತಮ್ಮಂದಿರು ಒತ್ತಿಕೊಂಡು ನಿಂತಿದ್ದಾರೆ. ನಮ್ಮಲ್ಲಿ ಜನ ಹೋಗುತ್ತಾರೆ, ಬರುತ್ತಾರೆ, ಮತ್ತೆ ಹೋಗುತ್ತಾರೆ. ನನ್ನ ಅಣ್ಣ ಪುಣೆಯಲ್ಲಿದ್ದಾನೆ. ತೊಗರಿ ಬಿತ್ತುವುದು, ಟ್ರ್ಯಾಕ್ಟರಿನವನ ಜೊತೆ ಜಗಳವಾಡುವುದು, ಪಂಚಾಯ್ತಿಯಲ್ಲಿ ನೀರು ಕೇಳುವುದು, ಎಲ್ಲ ಅವನ ಹೆಂಡತಿ, ನಮ್ಮ ವೈನಿ ನೀಲವ್ವನದು.

ಆದರೆ ಇಡೀ ಪುಸ್ತಕದ ಹಾಗೆ ನಮ್ಮ ಅಧ್ಯಾಯಕ್ಕೂ ಮುಖ್ಯಸ್ಥರು ‘ಬರಿದಾಗುತ್ತಿರುವ ಹಳ್ಳಿಗಳು’ ಎಂದೇ ಹೆಸರಿಟ್ಟರು. ತಮ್ಮ ದೇಶದ ಮಟ್ಟಿಗೆ ಅದು ಸುಳ್ಳಾಗುತ್ತದೆ ಎಂದು ಅಲ್ಮಾಜ್ ಸಭೆಯಲ್ಲೇ ಹೇಳಿದಳು. ಓದುವವರಿಗೆ ಒಂದೇ ಕಥೆ ಬೇಕು ಎಂದರು ಅವರು. ಆಗ ನಾನು ಎದ್ದು ನಿಂತೆ. ಆ ತಿಂಗಳೇ ನನ್ನ ಕೆಲಸದ ಕರಾರು ಮುಗಿಯುವುದಿತ್ತು. ಮುಖ್ಯಸ್ಥರೂ ಬೀದರಿನಿಂದ ಬಂದು ನೆಲೆಸಿದ ಮನೆತನದವರು. ನನ್ನ ಬಾಯಿಗೆ ಕನ್ನಡವೇ ಬಂತು.

“ಒಟ್ಟು ಜನದಾಗ ಹಳ್ಳಿ ಪಾಲು ಕಡಿಮಿ ಆಗೇತಿ ಸರ್, ಹಳ್ಳಿ ಜನ ಕಡಿಮಿ ಆಗಿಲ್ಲ. ಪಟ್ಟಣ ಜಲ್ದಿ ಬೆಳದ್ರ ನಮ್ಮೂರು ಸತ್ತಂಗಾತೇನ್ರಿ?”

“ಗಂಡಸ್ರು ಹೋಗಿದ್ದು ಖರೆ ಅಲ್ಲೇನಮ್ಮಾ?” ಎಂದರು ಅವರು.

“ಖರೆ ಐತ್ರಿ. ಆದ್ರ ನಮ್ಮ ವೈನೀನ ಯಾರೂ ಬಿಟ್ಟು ಹೋಗಿಲ್ಲ, ಆಕಿ ಊರು ನಡಸಾಕತ್ತಾಳ. ಆ ತಲೆಬರಹದ ಕೆಳಗ ನನ್ನ ಹೆಸರು ಹಾಕಬ್ಯಾಡ್ರಿ.”

ಅಲ್ಮಾಜ್‌ಗೆ ಒಂದು ಪದವೂ ತಿಳಿದಿರಲಿಕ್ಕಿಲ್ಲ. ಆದರೆ ನಾನು ಕರಡಿನಲ್ಲಿ ನನ್ನ ಹೆಸರು ಹೊಡೆದುಹಾಕಿದ್ದನ್ನು ನೋಡಿ, ತನ್ನ ಹೆಸರನ್ನೂ ತೆಗೆಯಿರಿ ಎಂದಳು.

ಪುಸ್ತಕ ಅವರಿಟ್ಟ ಹೆಸರಿನಲ್ಲೇ ಬಂತು. ನಮ್ಮ ಅಧ್ಯಾಯ ಮಾತ್ರ ‘ಹೋಗುವವರು, ಬರುವವರು, ನಿಂತವರು’ ಎಂದು, ನಮ್ಮಿಬ್ಬರ ಹೆಸರಿನೊಡನೆ ಒಳಗೆ ಕೂತಿತು. ನನ್ನ ಕರಾರು ಮುಂದುವರಿಯಿತು, ಮೊದಲಿಗಿಂತ ಕಡಿಮೆ ಅವಧಿಗೆ. ಆದದ್ದಾಗಲಿ ಎಂದುಕೊಂಡು ಸಹಿ ಹಾಕಿದೆ.

ಮೊನ್ನೆ ಬೆಳಿಗ್ಗೆ ಮೆಟ್ರೋಗೆ ಕಾಯುತ್ತಿದ್ದಾಗ ವೈನಿಯ ಫೋನು ಬಂತು. ಜನಗಣತಿಯವರು ಬಂದರೆ ನಿನ್ನ ಹೆಸರು ಊರಿನಲ್ಲೇ ಬರೆಸಲೇ ಎಂದು ಕೇಳಿದರು. ಇರುವ ಜಾಗದಲ್ಲೇ ಬರೆಸಬೇಕೆಂಬ ನಿಯಮ ತಿಳಿದವಳು ನಾನು. ಬೇಡ, ಇಲ್ಲೇ ಬರೆಸುತ್ತೇನೆ ಎಂದೆ.

“ಆತು, ಹೆಸರು ಅಲ್ಲೇ ಬರಸು,” ಎಂದರು ವೈನಿ. “ಜ್ವಾಳದ ರಾಶಿ ಮಾಡಾಕ ಮಾತ್ರ ನಿನ್ನ ಇಲ್ಲೇ ಲೆಕ್ಕಕ್ಕ ಹಿಡದೀನಿ.”