ಇನಿಷಿಯಲ್‌ನಲ್ಲಿ ಸಿಗದ ಮಂಜುನಾಥ

೧೯೯೮ರಲ್ಲಿ ನಾನು ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕಾರ್ಖಾನೆ, ಕಚೇರಿ ಸೇರಿ ನಾಲ್ಕು ಸಾವಿರ ಜನ. ಅವರೆಲ್ಲರ ಹೆಸರು, ವಿಭಾಗ, ಎಕ್ಸ್‌ಟೆನ್ಷನ್ ನಂಬರುಗಳನ್ನು ಡೈರೆಕ್ಟರಿ ಸರ್ವರ್ ಎಂಬ ಹೊಸ ವ್ಯವಸ್ಥೆಗೆ ತುಂಬಿದವಳು ನಾನೇ. ಟೆಲಿಫೋನ್ ಬೋರ್ಡಿನ ಹಳೆಯ ಅಚ್ಚಿನ ಪಟ್ಟಿಯನ್ನು ತೆಗೆಸಿದ ಹೆಮ್ಮೆಯೂ ನನಗಿತ್ತು.

ಒಂದೇ ವಾರದಲ್ಲಿ ಆ ಹೆಮ್ಮೆ ಇಳಿಯಿತು. ಹೆಸರು ಟೈಪ್ ಮಾಡಿದರೆ ಉತ್ತರ ಬರಲು ಅರ್ಧ ನಿಮಿಷ. ಅಷ್ಟರಲ್ಲಿ ಕರೆ ಮಾಡಿದವರು ಬೇಸತ್ತು ಫೋನ್ ಇಟ್ಟುಬಿಡುತ್ತಿದ್ದರು. ದೂರುಗಳೆಲ್ಲ ಆಪರೇಟರ್ ಪಾರ್ವತಮ್ಮನವರ ಮೇಲೆ ಬಂದವು. ದೊಡ್ಡನೆಕ್ಕುಂದಿಯ ಅವರು ಆ ಬೋರ್ಡಿನಲ್ಲಿ ಹದಿನಾಲ್ಕು ವರ್ಷ ಕೂತವರು.

ನಮ್ಮ ಮ್ಯಾನೇಜರ್ ಜಗದೀಶ್ ನನ್ನನ್ನು ಕರೆದು, "ಆಯಮ್ಮಂಗೆ ಕಂಪ್ಯೂಟರ್ ಒಗ್ತಿಲ್ಲ ಕಣ್ರೀ. ಸೋಮವಾರದಿಂದ ಸ್ಟೋರ್ಸ್‌ಗೆ ಹಾಕ್ತೀನಿ" ಎಂದರು.

ನನಗೆ ಕಸಿವಿಸಿಯಾಯಿತು. ಮರುದಿನ ಬೆಳಿಗ್ಗೆ ಪಾರ್ವತಮ್ಮನವರ ಪಕ್ಕದಲ್ಲೇ ಹೋಗಿ ಕೂತೆ. ಅವರ ಬೆರಳು ನನ್ನದಕ್ಕಿಂತ ಚುರುಕು. ನಿಧಾನವಾಗಿದ್ದದ್ದು ಸರ್ವರ್.

"ಅಕ್ಕ, ಸರ್‌ನೇಮ್ ಹಾಕಿ ಹುಡುಕಿ, ಬೇಗ ಬರತ್ತೆ" ಎಂದೆ.

"ಅಲ್ಲಿ ಕೆ., ಎಸ್. ಅಂತ ಬರೀ ಇನಿಷಿಯಲ್ ಐತಲ್ಲ ಮೇಡಂ. ಫೋನ್ ಮಾಡೋರು ಮಂಜುನಾಥ ಬೇಕು ಅಂತಾರೆ. ಕೆ. ಬೇಕು ಅಂತ ಯಾರ್ ಕೇಳ್ತಾರೆ?"

ತಪ್ಪು ಎಲ್ಲಿದೆ ಎಂದು ನನಗೆ ಆಗ ಹೊಳೆಯಿತು. ಹೊರದೇಶದಲ್ಲಿ ತಯಾರಾದ ಆ ಸಾಫ್ಟ್‌ವೇರ್ ಸರ್‌ನೇಮ್‌ಗೆ ಮಾತ್ರ ಇಂಡೆಕ್ಸ್ ಇಟ್ಟುಕೊಂಡಿತ್ತು. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ. ಬೇಕಾದ ಪುಟವನ್ನು ನೇರವಾಗಿ ತೋರಿಸುತ್ತದೆ. ನಮ್ಮಲ್ಲಿ ಮನೆತನದ ಹೆಸರು ಬಳಸದವರೇ ಹೆಚ್ಚು, ಆ ಜಾಗಕ್ಕೆ ನಾನು ಇನಿಷಿಯಲ್ ತುಂಬಿದ್ದೆ. ಹಾಗಾಗಿ ಮಂಜುನಾಥನನ್ನು ಕೇಳಿದಾಗಲೆಲ್ಲ ಸರ್ವರ್ ನಾಲ್ಕು ಸಾವಿರ ದಾಖಲೆಗಳನ್ನೂ ಒಂದೊಂದಾಗಿ ಓದುತ್ತಿತ್ತು.

ಜಗದೀಶ್ ಅವರ ಕೋಣೆಗೆ ಹೋಗಿ, "ತಪ್ಪು ನಂದು ಸಾರ್, ಪಾರ್ವತಮ್ಮಂದಲ್ಲ" ಎಂದೆ. ಎಲ್ಲ ಕೇಳಿಸಿಕೊಂಡು ಅವರು, "ಹಂಗಾದ್ರೆ ಎಲ್ಲಾದಕ್ಕೂ ಇಂಡೆಕ್ಸ್ ಹಾಕ್ಬಿಡಿ" ಎಂದರು.

"ಬೇಡ ಸಾರ್. ಒಬ್ಬರ ವಿವರ ಬದಲಾದ್ರೂ ಅಷ್ಟೂ ಸೂಚಿ ತಿದ್ದಬೇಕಾಗತ್ತೆ, ಆ ಕೆಲ್ಸ ನಿಧಾನ ಆಗತ್ತೆ. ಹೆಸರು, ವಿಭಾಗ, ಎಕ್ಸ್‌ಟೆನ್ಷನ್, ಮೂರು ಸಾಕು."

ಊಟದ ಹೊತ್ತಿನಲ್ಲಿ ಸರ್ವರ್ ನಿಲ್ಲಿಸಿ ಮೂರು ಇಂಡೆಕ್ಸ್ ಕಟ್ಟಿದೆ. ಮತ್ತೆ ಶುರು ಮಾಡಿ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯೊಂದರ ಕಾಯಿನ್ ಫೋನಿನಿಂದ ಒಬ್ಬ ಹೆಂಗಸಿನ ಕರೆ ಬಂತು. ತಂಗಿಗೆ ಹೆರಿಗೆಯಾಗಿದೆ, ಅವಳ ಗಂಡ ಮಂಜುನಾಥ ಕಾರ್ಖಾನೆಯ ಪೇಂಟ್ ಶಾಪ್ ವಿಭಾಗದಲ್ಲಿದ್ದಾನೆ, ಕೈಯಲ್ಲಿ ಬೇರೆ ನಾಣ್ಯವಿಲ್ಲ. ಪಾರ್ವತಮ್ಮ ಹೆಸರು, ವಿಭಾಗ ಒತ್ತಿದರು. ಕೀಲಿಯಿಂದ ಬೆರಳು ತೆಗೆಯುವಷ್ಟರಲ್ಲಿ ನಂಬರ್ ಪರದೆಯ ಮೇಲಿತ್ತು.

"ಮಂಜಣ್ಣ, ಎಣ್ಣು ಮಗು ಕಣಪ್ಪ. ಇಬ್ರೂ ಚೆನ್ನಾಗವ್ರಂತೆ. ತಗೊ, ನಿನ್ ಎಂಡ್ತಿ ಅಕ್ಕ ಲೈನಲ್ಲವ್ರೆ" ಎಂದು ಕರೆ ಜೋಡಿಸಿ, ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ವರ್ಗಾವಣೆಯ ಮಾತು ಅಲ್ಲಿಗೇ ಬಿದ್ದುಹೋಯಿತು. ಮುಂದಿನ ತಿಂಗಳು ಇನ್ನೊಂದು ಘಟಕದ ಆಪರೇಟರ್‌ಗಳಿಗೆ ಡೈರೆಕ್ಟರಿ ಬಳಸಲು ಕಲಿಸಿದವರು ಪಾರ್ವತಮ್ಮನವರೇ. ಯಾವುದಕ್ಕೆ ಇಂಡೆಕ್ಸ್ ಬೇಕೆಂಬುದು ಹುಡುಕುವವರಿಗೆ ಗೊತ್ತಿರುತ್ತದೆ, ತುಂಬಿದವರಿಗಲ್ಲ. ಅವರನ್ನು ಕೇಳಲು ಒಂದು ವಾರ ತಡಮಾಡಿದವಳು ನಾನು.