ಚೀಲದಲ್ಲಿ ಬಂದ ಹಳ್ಳ

ನಮ್ಮ ಮನೆಗೆ ಒಳ್ಳೆಯ ಸಾಮಾನು ಏನೇ ಬಂದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಕೇಳಿದವರು ನಗುತ್ತಾರೆ, ನಗಲಿ. ಜಗಳೂರು ಕಡೆಯ ಹಳ್ಳಿಯಿಂದ ನ್ಯಾಮತಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಬೀದಿ ಕೊನೆಯ ನಲ್ಲಿಯಿಂದ ನೀರು ತರುವುದು ನನ್ನ ಕೆಲಸವಾಗಿತ್ತು. ಕೊಡ ತುಂಬುವವರೆಗೆ ನಾಲ್ಕು ಮಾತು, ಒಂದಿಷ್ಟು ನಗು. ಮನೆಯೊಳಗೇ ನಲ್ಲಿ ಬಂತು, ಆ ಓಡಾಟ ನಿಂತಿತು. ಹಿಟ್ಟಿನ ಗಿರಣಿಗೆ ಡಬ್ಬ ಹೊತ್ತುಕೊಂಡು ಹೋಗುತ್ತಿದ್ದೆ. ಯಜಮಾನರು ಮನೆಗೇ ಒಂದು ಪುಟ್ಟ ಗಿರಣಿ ತಂದಿಟ್ಟರು, ಅದೂ ನಿಂತಿತು. ಉಳಿದದ್ದು ರಗ್ಗು, ಕೌದಿ ಒಗೆಯುವ ದಿನ ಮಾತ್ರ. ಅವು ಬಚ್ಚಲಲ್ಲಿ ಹಿಡಿಸುವುದಿಲ್ಲವೆಂದು ಊರಾಚೆಯ ಹಳ್ಳಕ್ಕೆ ಒಯ್ಯುತ್ತಿದ್ದೆ. ಆಮೇಲೆ ವಾಷಿಂಗ್ ಮೆಷಿನ್ ಬಂತು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗಿದರು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೀರು ಹಾಕಿದೆ.

ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ನನಗೆ ಯಾರೂ ಬೀಗ ಹಾಕಿಲ್ಲ, ಬೈದಿಲ್ಲ. ಇರುವುದು ಒಂದೇ ರೂಢಿ: ಕೆಲಸವಿದ್ದರೆ ಸೊಸೆ ಎಲ್ಲಿಗಾದರೂ ಹೋಗಬಹುದು, ಕೆಲಸವಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಚಪ್ಪಲಿ ಮೆಟ್ಟಿದರೆ ಸಾಕು, "ಎಲ್ಲಿಗೆ?" ಎಂದು ಅತ್ತೆ ಕೇಳುತ್ತಾರೆ. ಹೇಳಿದರೆ "ಯಾಕೆ?" ಎನ್ನುತ್ತಾರೆ. ಮೊದಲನೆಯದಕ್ಕೆ ಹೇಗೋ ಉತ್ತರ ಹೊಂದಿಸಬಹುದು. ಎರಡನೆಯದಕ್ಕೆ "ಸುಮ್ಮನೆ" ಎಂದು ಹೇಳಿದ ಹೆಂಗಸು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅತ್ತೆ ತಾವೂ ಹಾಗೆಯೇ ಬದುಕಿದವರು, ಅದರಲ್ಲಿ ಅವರಿಗೆ ತಪ್ಪೇನೂ ಕಾಣುವುದಿಲ್ಲ.

ಯಜಮಾನರದು ಲಗೇಜ್ ಆಟೋ. ಬೆಳಿಗ್ಗೆ ಹೊನ್ನಾಳಿ, ಮಧ್ಯಾಹ್ನ ಅಡಿಕೆ ಚೀಲ ಹೇರಿಕೊಂಡು ಚನ್ನಗಿರಿ, ಸಂತೆಯ ದಿನ ಸಂತೇಬೆನ್ನೂರು. ಸಂಜೆ ಬಂದು "ತಿರುಗೀ ತಿರುಗೀ ಸಾಕಾತು ಕಣೇ, ನೀನೇ ಪುಣ್ಯವಂತೆ, ನೆಳ್ಳಾಗೆ ಇರ್ತೀಯ" ಎಂದು ಕಾಲು ಚಾಚುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ತವರಲ್ಲಿ ಬಾಗಿಲು ತೆಗೆದರೆ ಹೊಲ, ಹೊಲದಾಚೆ ಹೊಲ, ಕಣ್ಣು ಸೋಲುವವರೆಗೂ ಬಯಲು. ಇಲ್ಲಿ ಹಿತ್ತಲಿಗೆ ಹೋದರೆ ನಮ್ಮ ಗೋಡೆ, ಅದರ ಹಿಂದೆ ಇನ್ನೊಬ್ಬರ ಗೋಡೆ. ಎಷ್ಟೋ ದಿನ ಪಾತ್ರೆ ತಿಕ್ಕುತ್ತಾ ಉಸಿರು ಕಟ್ಟಿದಂತಾಗಿ ಸುಮ್ಮನೆ ಎದ್ದು ನಿಂತುಬಿಟ್ಟಿದ್ದೇನೆ.

ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಯಾವುದೋ ದೇಶದ ಮುದುಕನೊಬ್ಬ ತೊರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೋಗುಣಿಯಲ್ಲಿ ಮರಳು ತೊಳೆಯುತ್ತಿದ್ದ. ಅವನ ಮಾತು ನನಗೆ ತಿಳಿಯಲಿಲ್ಲ, ಕೈ ತಿಳಿಯಿತು. ಅಕ್ಕಿ ಗಾಲಿಸಿ ಕಲ್ಲು ಬೇರೆ ಮಾಡುವ ಕೈ ಅದು. ನಮ್ಮ ಕಡೆಯ ಗುಡ್ಡಗಳಲ್ಲಿ ಹಿಂದೆ ಬ್ರಿಟಿಷರ ಕಾಲದಲ್ಲಿ ಚಿನ್ನ ಅಗೆದಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೆ. ಗುಡ್ಡದಲ್ಲಿದ್ದದ್ದು ಮಳೆಗೆ ಹಳ್ಳಕ್ಕೆ ಇಳಿಯದೆ ಎಲ್ಲಿಗೆ ಹೋಗುತ್ತದೆ? ಅತ್ತೆಗೆ ವಿಡಿಯೋ ತೋರಿಸಿದೆ. ನಕ್ಕರು. ಆಮೇಲೆ ಇನ್ನೊಮ್ಮೆ ಹಾಕೆಂದರು.

"ಸಿಕ್ರೆ ನಿನ್ನ ನಾದಿನಿ ಮಗಳಿಗೆ ಒಂದು ಮೂಗುಬಟ್ಟು ಮಾಡ್ಸಾಣ, ಹೋಗಿ ನೋಡು" ಎಂದರು. "ಯಾಕೆ?" ಎಂಬುದಕ್ಕೆ ನನಗೊಂದು ಉತ್ತರ ಸಿಕ್ಕಿತು.

ಮೊದಲ ಶನಿವಾರ ಹಿಟ್ಟು ಕಲಸುವ ಸ್ಟೀಲಿನ ಪರಾತ ಒಯ್ದಿದ್ದೆ. ಬಿಸಿಲಿಗೆ ಪರಾತವೇ ಹೊಳೆಯುತ್ತಿತ್ತು, ಅದರಲ್ಲಿ ಯಾವುದು ಚಿನ್ನ ಯಾವುದು ಪರಾತ ಒಂದೂ ಗೊತ್ತಾಗಲಿಲ್ಲ. ಸೆರಗಿನ ತುದಿಯಲ್ಲಿ ಮಿಣುಮಿಣುಗುವ ಚೂರುಗಳನ್ನು ಕಟ್ಟಿಕೊಂಡು ಬಂದೆ. ಯಜಮಾನರು ಬೆರಳಲ್ಲಿ ಉಜ್ಜಿ ನೋಡಿ, "ಇದು ಕಾಗೆ ಬಂಗಾರ ಕಣೇ, ಕಾಗೆಗೇ ಮೂಗುಬಟ್ಟು ಮಾಡ್ಸು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ಗಾರೆ ಕೆಲಸದವರ ಕರಿ ಪ್ಲಾಸ್ಟಿಕ್ ಬಾಂಡ್ಲಿಯನ್ನೂ, ಆಟೋದ ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನೂ ಅವರೇ ತಂದುಕೊಟ್ಟರು. ಮನುಷ್ಯ ಒಳ್ಳೆಯವರು, ಅದನ್ನು ಹೇಳಲೇಬೇಕು.

ಕಲಿಯಲು ಒಂದು ಮಳೆಗಾಲ ಹಿಡಿಯಿತು. ನೀರು ರಭಸವಾಗಿ ಹರಿಯುವಲ್ಲಿ ಹುಡುಕಿದರೆ ಏನೂ ಇಲ್ಲ. ಹಳ್ಳ ತಿರುವು ತೆಗೆದುಕೊಳ್ಳುವ ಕಡೆ, ಒಳಮಗ್ಗುಲಲ್ಲಿ, ದೊಡ್ಡ ಕಲ್ಲುಗಳ ಹಿಂದೆ ನೀರಿಗೆ ಸುಸ್ತಾಗುತ್ತದೆ. ಹೊತ್ತು ತಂದ ಭಾರವನ್ನು ಅಲ್ಲೇ ಇಳಿಸುತ್ತದೆ. ಅಲ್ಲಿನ ಬಂಡೆಯ ಸಂದಿನಿಂದ ಹಳೆಯ ಚಮಚದಲ್ಲಿ ಮರಳು ಕೆರೆಯಬೇಕು. ಬಾಂಡ್ಲಿಯನ್ನು ನೀರಲ್ಲಿ ಮುಳುಗಿಸಿ ಕುಲುಕಿ, ಓರೆ ಮಾಡಿ, ಹಗುರವಾದದ್ದನ್ನು ಹರಿಯಬಿಡಬೇಕು. ಕೊನೆಗೆ ಕರಿ ಮರಳು ಉಳಿಯುತ್ತದೆ. ಅದನ್ನು ಒಣಗಿಸಿ ಅಯಸ್ಕಾಂತ ಆಡಿಸಿದರೆ ಮುಕ್ಕಾಲು ಪಾಲು ಅದಕ್ಕೆ ಅಂಟಿಕೊಂಡು ಹೋಗುತ್ತದೆ. ಆಮೇಲೆ ಉಳಿದದ್ದನ್ನು ಕೈಯಡ್ಡ ಹಿಡಿದು ನೆರಳಲ್ಲಿ ನೋಡಬೇಕು. ಕಾಗೆ ಬಂಗಾರ ಬಿಸಿಲಲ್ಲಿ ಮಾತ್ರ ಮೆರೆಯುತ್ತದೆ, ನೆರಳಿಗೆ ಬಂದರೆ ಸತ್ತುಹೋಗುತ್ತದೆ. ನಿಜವಾದದ್ದು ನೆರಳಲ್ಲೂ ಹಳದಿಯಾಗಿಯೇ ಇರುತ್ತದೆ, ಪಿನ್ನಿನಿಂದ ಒತ್ತಿದರೆ ಪುಡಿಯಾಗದೆ ಚಪ್ಪಟೆಯಾಗುತ್ತದೆ.

ಮೊದಲ ಕಣ ಗಸಗಸೆ ಕಾಳಿಗಿಂತ ಸಣ್ಣದಿತ್ತು. ಯಜಮಾನರು ಅದನ್ನು ಹೊನ್ನಾಳಿಯ ಅಕ್ಕಸಾಲಿಗರಿಗೆ ತೋರಿಸಿ ಬಂದು, ಬಾಗಿಲಲ್ಲೇ ನಿಂತು "ಖರೇ ಬಂಗಾರ ಅಂತೆ!" ಎಂದು ಕೂಗಿದರು. ಅತ್ತೆ ಔಷಧಿಯ ಸಣ್ಣ ಸೀಸೆಯಲ್ಲಿ ನೀರು ತುಂಬಿ ಅದನ್ನು ಅದರೊಳಗೆ ಬಿಟ್ಟು ದೇವರ ಮುಂದಿಟ್ಟರು. ಅಂದಿನಿಂದ ನನ್ನ ಶನಿವಾರದ ಹಳ್ಳಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. "ಹೊತ್ತಾತು, ಇನ್ನೂ ಹೊಂಟಿಲ್ಲೇನೇ?" ಎಂದು ಅತ್ತೆಯೇ ಅಟ್ಟುತ್ತಿದ್ದರು.

ಅಲ್ಲಿ ನಾನೇನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಸೀರೆ ಎತ್ತಿ ಕಟ್ಟಿ ನೀರಲ್ಲಿ ಕಾಲು ಇಳಿಬಿಡುತ್ತಿದ್ದೆ. ನನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದೆ. ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ, ಜಗಳವನ್ನೂ ಆಡುತ್ತಿದ್ದೆ, ನಾನೇ ಗೆಲ್ಲುತ್ತಿದ್ದೆ. ಚಿನ್ನ ಬರೀ ನೆಪವಾಗಿತ್ತು ಎಂದರೆ ಸುಳ್ಳಾಗುತ್ತದೆ. ಕರಿ ಮರಳಿನ ನಡುವೆ ಹಳದಿ ಚುಕ್ಕೆ ಕಂಡಾಗ ಒಬ್ಬಳೇ ಇದ್ದರೂ ಕೂಗಿಬಿಡುತ್ತಿದ್ದೆ, ಆ ಖುಷಿ ನನಗೆ ಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಬಯಲು ಬೇಕಿತ್ತು.

ಎಡವಟ್ಟು ನನ್ನ ಬಾಯಿಂದಲೇ ಆಯಿತು. ಒಂದು ಸಂಜೆ ಹಳ್ಳದಿಂದ ಬಂದು ಗೋಡೆಗೊರಗಿ "ಅಯ್ಯೋ ನನ್ನ ಸೊಂಟವೇ" ಎಂದೆ, ಅಷ್ಟೆ. ಎರಡು ದಿನ ಕಳೆದು ಯಜಮಾನರ ಆಟೋ ಹಿತ್ತಲ ಬಾಗಿಲಿಗೆ ಹಿಮ್ಮುಖವಾಗಿ ಬಂದು ನಿಂತಿತು. ಗೊಬ್ಬರದ ಚೀಲಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸಿದರು. ಎಲ್ಲವೂ ಒದ್ದೆ.

"ಏನ್ರೀ ಇದು?"

"ಹಳ್ಳದ ಮರಳು. ಸೊಂಟ ನೋವು ಅಂತಿದ್ದೆಲ್ಲ, ಬಿಸಿಲಾಗೆ ಅಲ್ಲಿಗಂಟ ಹೋಗಾಕೆ ಯಾಕೆ ಬೇಕು? ನಲ್ಲಿ ಐತೆ, ನೆಳ್ಳೈತೆ, ಕುಂತ್ಕಂಡು ಆರಾಮಾಗಿ ತೊಳಿ."

"ನಾನು ಹಳ್ಳಕ್ಕೆ ಹೋಗ್ಬೇಕು ಕಣ್ರೀ."

"ಹಳ್ಳಾನೇ ತಂದೀನಲ್ಲ ಮಾರಾಯ್ತಿ!"

ಅಂಗಿಯೆಲ್ಲ ಬೆವರಾಗಿತ್ತು, ಕೈ ಕೆಂಪಗಾಗಿತ್ತು, ಮುಖದಲ್ಲಿ ನಗುವಿತ್ತು. ಸಿಟ್ಟಿನ ಮನುಷ್ಯನ ಜೊತೆ ಜಗಳ ಆಡಬಹುದು. ಪ್ರೀತಿಯಿಂದ ಮರಳು ಹೊತ್ತು ತಂದವರ ಜೊತೆ ಹೇಗೆ ಆಡುವುದು?  ಆದರೂ ಬಿಡಲಿಲ್ಲ, ಕಲಿತ ವಿದ್ಯೆಯನ್ನೇ ಮುಂದಿಟ್ಟೆ.

"ಇದು ಮೇಲಿನ ಮರಳು. ಬಂಗಾರ ಭಾರ ಅಲ್ವೇನ್ರೀ, ಅಡಿಗೆ ಬಂಡೆ ಸಂದಿಗೆ ಇಳಿದು ಕುಂತಿರ್ತೈತೆ. ಅದು ಸಲಿಕೆಗೆ ಸಿಗಲ್ಲ. ಚಮಚ ತಗಂಡು ಕೆರೀಬೇಕು, ಜಾಗ ನನಗೇ ಗೊತ್ತು."

ಅವರು ತಲೆ ಕೆರೆದುಕೊಂಡರು. "ಆತು. ಇಷ್ಟು ಕಷ್ಟಪಟ್ಟು ತಂದೀನಿ, ಇದನ್ನ ತೊಳೆದು ನೋಡು. ಏನೂ ಇಲ್ಲ ಅಂದ್ರೆ ಶನಿವಾರ ನಾನೇ ಹಳ್ಳಕ್ಕೆ ಬಿಟ್ಟು ಬರ್ತೀನಿ. ಸಿಕ್ತು ಅಂದ್ರೆ ಇಲ್ಲೇ ಮಾಡು, ಎಷ್ಟು ಬೇಕಾದ್ರೂ ತಂದು ಹಾಕ್ತೀನಿ."

ನ್ಯಾಯವಾದ ಮಾತು. ನಾನೂ ಒಪ್ಪಿದೆ. ಸಲಿಕೆಯ ಮರಳಲ್ಲಿ ಏನೂ ಸಿಗುವುದಿಲ್ಲ ಎಂದು ನನಗೆ ಗಟ್ಟಿ ನಂಬಿಕೆಯಿತ್ತು.

ಶುಕ್ರವಾರದವರೆಗೂ ಹಿತ್ತಲಲ್ಲಿ ಕೂತು ತೊಳೆದೆ. ಪಕ್ಕದಲ್ಲೇ ಅತ್ತೆ ಕನ್ನಡಕ ಹಾಕಿಕೊಂಡು ಮಣೆಯ ಮೇಲೆ ಕೂತಿರುತ್ತಿದ್ದರು. ಟಬ್ಬಿನ ನೀರು ಎರಡು ಸಲಕ್ಕೇ ರಾಡಿಯಾಗುತ್ತಿತ್ತು. ತಲೆ ಎತ್ತಿದರೆ ಗೋಡೆ, ಗೋಡೆಯ ಮೇಲೆ ಪಕ್ಕದ ಮನೆಯವರ ಒಣಗಿದ ಬಟ್ಟೆ. ಹಾಡುವುದಕ್ಕೂ ಆಗುತ್ತಿರಲಿಲ್ಲ, ಅತ್ತೆ ಇದ್ದರಲ್ಲ. ಪ್ರತಿ ಬಾಂಡ್ಲಿಗೂ "ಏನಾರ ಸಿಕ್ತೇನೇ?" ಎಂದು ಕೇಳುತ್ತಿದ್ದರು. "ಇಲ್ಲ ಅತ್ತೆ" ಎನ್ನುವಾಗ ನನ್ನ ದನಿಯಲ್ಲಿದ್ದ ಉತ್ಸಾಹ ಅವರಿಗೆ ಅರ್ಥವಾಗಿರಲಾರದು. ಚಿನ್ನ ಹುಡುಕುವವರಲ್ಲಿ ಚಿನ್ನ ಸಿಗದಿರಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಕೊನೆಯ ಚೀಲದ ತಳ ಬಂತು. ಶನಿವಾರಕ್ಕೆ ಬುತ್ತಿ ಏನು ಕಟ್ಟುವುದೆಂದು ಯೋಚಿಸುತ್ತಲೇ ಬಾಂಡ್ಲಿ ಕುಲುಕಿದೆ. ಕರಿ ಮರಳು ಉಳಿಯಿತು. ಒಣಗಿಸಿ ಅಯಸ್ಕಾಂತ ಆಡಿಸಿ, ಅಭ್ಯಾಸ ಬಲದಿಂದ ಕೈ ಅಡ್ಡ ಹಿಡಿದೆ. ನೆರಳಲ್ಲಿ ಅದು ಕೂತಿತ್ತು. ರಾಗಿ ಕಾಳಿನಷ್ಟು ದಪ್ಪ, ಅಂಚೆಲ್ಲ ನುಣ್ಣಗೆ, ತಿಳಿ ಹಳದಿ. ಅಷ್ಟು ದೊಡ್ಡದನ್ನು ನಾನು ಹಳ್ಳದಲ್ಲೂ ಕಂಡಿರಲಿಲ್ಲ.

"ಅತ್ತೇ, ಇಲ್ನೋಡ್ರೀ! ಎಷ್ಟು ದೊಡ್ಡದು!"

ಹಾಗೆ ಕೂಗಿದ್ದು ನಾನೇ. ಅತ್ತೆ ಆ ಹೊತ್ತಿಗೆ ತೂಕಡಿಸುತ್ತಿದ್ದರು. ಹೆಬ್ಬೆರಳು ಅಡ್ಡ ಇಟ್ಟಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಳ್ಳಬೇಕೆಂದು ಹೊಳೆಯುವಷ್ಟರಲ್ಲಿ ಖುಷಿ ಹೊರಗೆ ಬಂದುಬಿಟ್ಟಿತ್ತು.

ಅತ್ತೆ ಬೆರಳ ತುದಿಗೆ ಅದನ್ನು ಅಂಟಿಸಿಕೊಂಡು "ಬಾರೋ ಇಲ್ಲಿ, ಸಿಕ್ತು ಕಣೋ!" ಎಂದು ಮಗನನ್ನು ಕರೆದರು. ಊಟಕ್ಕೆ ಕೂತಿದ್ದ ಯಜಮಾನರು ಎಂಜಲು ಕೈಯಲ್ಲೇ ಓಡಿ ಬಂದರು. ನೋಡಿ, ನನ್ನ ಬೆನ್ನು ತಟ್ಟಿ, "ಮೇಲಿನ ಮರಳಾಗೂ ಐತಲ್ಲೇ!" ಎಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ನೆನಪಿಲ್ಲ. ಕೈ ತೊಳೆದು ಬಂದವರೇ ಖಾಲಿ ಚೀಲಗಳನ್ನು ಒಂದೊಂದಾಗಿ ಕೊಡವಿ ಆಟೋದ ಹಿಂದಕ್ಕೆ ಹಾಕಿಕೊಂಡರು.

"ಸಂಜಿಗೆ ಬರ್ತಾ ತುಂಬ್ಕಂಡು ಬರ್ತೀನಿ. ಎಷ್ಟು ಚೀಲ ತರ್ಲಿ?" ಎಂದು ಕೇಳಿದರು.

"ಹಿತ್ತಲಾಗೆ ಹಿಡಿಯೋವಷ್ಟು ತರ್ರಿ" ಎಂದೆ.